ಬಿಲ್ ಬ್ರೂಫರ್ಡ್ ಡ್ರಮ್ಸ್‌ಗೆ ವಯಸ್ಸಾಗಿದೆಯಾ?

ಪ್ರೋಗ್ ರಾಕ್, ಅಂದರೆ ಜಟಿಲ ತಾಳ, ಉದ್ದುದ್ದ ಹಾಡುಗಳ ಪ್ರೋಗ್ರೆಸಿವ್ ರಾಕ್ ಕೇಳುವ ನಾಲ್ಕು ಜನ ಒಂದೆಡೆ ಸೇರಿದರೆ ಒಂದು ಜಗಳ ಗ್ಯಾರಂಟಿ. ಒಬ್ಬ ಯೆಸ್ ಬ್ಯಾಂಡಿನ 1971ರ ಹಾಡು ಹಾಕುತ್ತಾನೆ, ಡ್ರಮ್ಸ್ ಕೇಳು, ನಿನ್ನೆ ರೆಕಾರ್ಡ್ ಮಾಡಿದ ಹಾಗಿದೆ ಅನ್ನುತ್ತಾನೆ. ಇನ್ನೊಬ್ಬ 80ರ ದಶಕದ ಒಂದು ಹಾಡು ಹಾಕಿ, ಹಾಗಾದರೆ ಇದೇನು, ವಿಡಿಯೋ ಗೇಮ್ ಥರ ಕೇಳುತ್ತಲ್ಲೋ ಅನ್ನುತ್ತಾನೆ. ಎರಡರಲ್ಲೂ ಬಾರಿಸಿದವನು ಒಬ್ಬನೇ. ಬಿಲ್ ಬ್ರೂಫರ್ಡ್.

ಇವತ್ತು ಈ ಸಭೆಯಲ್ಲಿ ಆ ಜಗಳಕ್ಕೆ ನಾನೂ ಇಳಿಯುತ್ತೇನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಬಯ್ಯಬಹುದು. ಬ್ರೂಫರ್ಡ್ ಸಂಗೀತದಲ್ಲಿ ಹಳತಾಗಿರುವುದು ಒಂದೇ ಒಂದು: ಡ್ರಮ್ಮಿನ ಕೆಲಸ ಮಾಡಲಿ ಅಂತ ಡ್ರಮ್ಮಿನ ಜಾಗದಲ್ಲಿ ತಂದು ಕೂರಿಸಿದ ಯಂತ್ರ. ಅದೇ ಯಂತ್ರವನ್ನು ಯಂತ್ರವಾಗಿಯೇ ಬಿಟ್ಟ ಕಡೆ ಅಷ್ಟು ಹಳತಾಗಿಲ್ಲ. ಕೈಗಂತೂ ಎಲ್ಲೂ ವಯಸ್ಸಾಗಿಲ್ಲ.

ಬೇರೆ ಡ್ರಮ್ಮರ್ ಬಿಟ್ಟು ಇವನನ್ನೇ ಯಾಕೆ ಹಿಡಿದುಕೊಂಡೆ ಅಂದರೆ, ಇವನಲ್ಲಿ ಹೋಲಿಸಿ ನೋಡುವುದಕ್ಕೆ ಸಾಮಾನು ಜಾಸ್ತಿ ಇದೆ. ಒಂದೇ ಹಾಡನ್ನು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಡ್ರಮ್ಸ್ ಮೇಲೆ ಬಾರಿಸಿ ರೆಕಾರ್ಡ್ ಮಾಡಿಟ್ಟಿದ್ದಾನೆ. ಅಂಥ ಅವಕಾಶ ಸುಲಭಕ್ಕೆ ಸಿಗುವುದಿಲ್ಲ.

ಗೊತ್ತಿಲ್ಲದವರಿಗೆ ಬೇಗ ಒಂದು ಸುತ್ತು. ಇಂಗ್ಲೆಂಡಿನ ಕೆಂಟ್‌ನ ಸೆವೆನೋಕ್ಸ್‌ನಲ್ಲಿ 1949ರಲ್ಲಿ ಹುಟ್ಟಿದ. 1968ರಲ್ಲಿ ಯೆಸ್ ಶುರುವಾದಾಗಲೇ ಇದ್ದ. 1972ರಲ್ಲಿ 'ಕ್ಲೋಸ್ ಟು ದಿ ಎಡ್ಜ್' ರೆಕಾರ್ಡಿಂಗ್ ಮುಗಿಯಿತು, ಆ ಆಲ್ಬಮ್ ಅಂಗಡಿಗೆ ಬರುವ ಮೊದಲೇ ಯೆಸ್ ಬಿಟ್ಟು ಕಿಂಗ್ ಕ್ರಿಮ್ಸನ್ ಅನ್ನುವ ಬ್ಯಾಂಡು ಸೇರಿದ. ಸ್ವಲ್ಪ ಯೋಚನೆ ಮಾಡಿ. ಬ್ಯಾಂಡಿಗೆ ದುಡ್ಡು ಬರುವ ಹೊತ್ತು ಅದು, ಆಗ ಎದ್ದು ಹೋದ. 1974ರಲ್ಲಿ ಕ್ರಿಮ್ಸನ್ ಮುಚ್ಚಿತು. 1976ರಲ್ಲಿ ಜೆನೆಸಿಸ್ ಬ್ಯಾಂಡಿನ ಜೊತೆ ಟೂರ್, ಆಮೇಲೆ ಯು.ಕೆ. ಅನ್ನುವ ಬ್ಯಾಂಡು, ಆಮೇಲೆ ತನ್ನದೇ ಹೆಸರಿನ ಬ್ಯಾಂಡು. 1981ರಿಂದ 84ರವರೆಗೆ ಮತ್ತೆ ಕ್ರಿಮ್ಸನ್. 1986ರಲ್ಲಿ ಅರ್ಥ್‌ವರ್ಕ್ಸ್ ಅನ್ನುವ ಜಾಝ್ ತಂಡ. 2009ರ ಶುರುವಿಗೆ ವೇದಿಕೆಯೇ ಸಾಕು ಅಂದ. 2016ರಲ್ಲಿ ಸರ‍್ರೆ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ತಗೊಂಡ, ಡ್ರಮ್ಮರ್‌ಗಳ ಸೃಜನಶೀಲತೆಯ ಬಗ್ಗೆಯೇ. ಈಚೆಗೆ ಸುಮ್ನೆ ಕೂರಲಾಗದೆ ಪೀಟ್ ರಾತ್ ಟ್ರಿಯೋ ಜೊತೆ ಚಿಕ್ಕ ಚಿಕ್ಕ ಜಾಝ್ ಕ್ಲಬ್ಬುಗಳಲ್ಲಿ ಮತ್ತೆ ಬಾರಿಸುತ್ತಿದ್ದಾನೆ.

ಈಗ ಸ್ನೇರ್ ವಿಷಯಕ್ಕೆ ಬರೋಣ, ಡ್ರಮ್ಮರ್ ಮುಂದೆಯೇ ಇರುವ ಚಪ್ಪಟೆ ಡ್ರಮ್ ಅದು. ಬ್ರೂಫರ್ಡ್ ಅಂದ ಕೂಡಲೇ ಕೇಳುಗರಿಗೆ ನೆನಪಾಗುವುದು ಅದೇ.

60ರ ದಶಕದ ಕೊನೆಯ ಇಂಗ್ಲಿಷ್ ಕ್ಲಬ್ಬುಗಳನ್ನು ಕಲ್ಪಿಸಿಕೊಳ್ಳಿ. ಗಿಟಾರಿಗೆ, ಬೇಸ್‌ಗೆ ಆಳೆತ್ತರದ ಆಂಪ್ಲಿಫೈಯರ್ ಇದೆ. ಡ್ರಮ್ಸ್‌ಗೆ ಸರಿಯಾದ ಮೈಕು ಇಲ್ಲ, ಡ್ರಮ್ಮರ್ ತಾನು ಬಾರಿಸಿದ್ದು ತನಗೇ ಕೇಳುವ ಹಾಗೆ ಸ್ಪೀಕರ್ ಕೂಡ ಇಲ್ಲ. ಯೆಸ್‌ನಲ್ಲಂತೂ ಪಕ್ಕದಲ್ಲಿ ಕ್ರಿಸ್ ಸ್ಕ್ವಾಯರ್. ಅವನ ರಿಕನ್‌ಬ್ಯಾಕರ್ ಬೇಸ್ ಗುಡುಗುವುದಕ್ಕಿಂತ ಜಾಸ್ತಿ ಗರ್ ಅನ್ನುವ ವಾದ್ಯ, ಅರ್ಧ ಗಿಟಾರಿನ ಜಾಗವನ್ನೂ ಅದೇ ತಿಂದುಬಿಡುತ್ತದೆ. ಇದರ ನಡುವೆ ಡ್ರಮ್ಮರ್ ಕೇಳಿಸಬೇಕು ಅಂದರೆ ಏನು ಮಾಡಬೇಕು? ಕೋಲು ಚರ್ಮಕ್ಕೂ ಅಂಚಿನ ಲೋಹದ ಬಳೆಗೂ ಒಟ್ಟಿಗೇ ಬೀಳುವ ಹಾಗೆ ಹೊಡೆಯಬೇಕು. ಇದನ್ನೇ ರಿಮ್ ಶಾಟ್ ಅನ್ನುವುದು. ಹಾಗೆ ಹೊಡೆದರೆ 'ಧಪ್' ಅನ್ನುವುದಿಲ್ಲ, 'ಟಂಯ್' ಅನ್ನುತ್ತದೆ, ಹಿಂದೆ ಒಂದು ಸಣ್ಣ ಸ್ವರ ಉಳಿದುಕೊಳ್ಳುತ್ತದೆ.

ಆ ಕಾಲದ ಸ್ಟುಡಿಯೋಗಳಲ್ಲಿ ಆ ಸ್ವರ ಯಾರಿಗೂ ಬೇಡ. 70ರ ದಶಕದಲ್ಲಿ ಡ್ರಮ್ಮಿನ ಮೇಲೆ ಟವೆಲ್ ಹೊದಿಸುವುದು, ಟೇಪ್ ಅಂಟಿಸುವುದು, ಒಟ್ಟಿನಲ್ಲಿ ಒಣ ರಟ್ಟಿನ ಪೆಟ್ಟಿಗೆ ತಟ್ಟಿದ ಹಾಗೆ ಕೇಳಿಸುವುದು ಫ್ಯಾಷನ್. ಆ ದಶಕದ ಎಷ್ಟೋ ಒಳ್ಳೆ ರೆಕಾರ್ಡುಗಳ ಡ್ರಮ್ಸ್ ಇವತ್ತು ಮಂಕಾಗಿ ಕೇಳುವುದು ಅದಕ್ಕೇ. ಬ್ರೂಫರ್ಡ್ ಸ್ನೇರ್ ಹಾಗೇ ಮೊಳಗಲಿ ಅಂತ ಬಿಟ್ಟ. ಎಡ್ಡಿ ಆಫರ್ಡ್ ಅನ್ನುವ ಎಂಜಿನಿಯರ್ ಲಂಡನ್ನಿನ ಅಡ್ವಿಷನ್ ಸ್ಟುಡಿಯೋದಲ್ಲಿ ಅದನ್ನು ಹಾಗೇ ಹಿಡಿದ. ಫ್ಯಾಷನ್ ಜೊತೆ ಹೋಗದ ಸದ್ದು ಫ್ಯಾಷನ್ ಮುಗಿದಾಗ ಸಾಯುವುದೂ ಇಲ್ಲ, ಅಲ್ವಾ?

ಹುಡುಗರಿಗೆ ಒಂದು ಉದಾಹರಣೆ. ಯೆಸ್ ಬ್ಯಾಂಡಿನ 'ರೌಂಡಬೌಟ್' ಹಾಡು ನಿಮಗೆ ಗೊತ್ತಿರುವುದು ಜಪಾನಿನ ಆನಿಮೆಯಿಂದ. 2012ರ 'ಜೋಜೋ' ಸರಣಿಯ ಪ್ರತಿ ಕಂತಿನ ಕೊನೆಗೆ ಬರುತ್ತಿತ್ತು, ಅಲ್ಲಿಂದ ಮೀಮ್ ಆಯಿತು. ಯಾರೋ ಜಾರಿ ಬೀಳುವುದಕ್ಕೆ ಸರಿಯಾಗಿ ವಿಡಿಯೋ ಗಕ್ಕನೆ ನಿಲ್ಲುತ್ತದೆ. ಅದು ನಿಲ್ಲುವುದು ಯಾವಾಗ ಅಂತ ಗಮನಿಸಿ. ಒಂಟಿ ಗಿಟಾರ್ ಮುಗಿದು ಬೇಸ್ ಮತ್ತು ಡ್ರಮ್ಸ್ ಒಳಗೆ ನುಗ್ಗುವ ಕ್ಷಣಕ್ಕೆ. ಹಾಡಿಗೆ 40 ವರ್ಷ ಆದಮೇಲೆ, ಪ್ರೋಗ್ ರಾಕ್ ಅಂದರೇನು ಅಂತ ಗೊತ್ತಿಲ್ಲದ ಮಕ್ಕಳು ಆ ಎಂಟ್ರಿಗೆ ನಕ್ಕಿದ್ದಾರೆ.

ಇಲ್ಲಿ ಒಬ್ಬರು ಕೈ ಎತ್ತಿದ್ದಾರೆ. ರೀಮಿಕ್ಸ್ ಮಾಡಿದ್ದರಿಂದ ತಾನೇ ಹೊಸದಾಗಿ ಕೇಳುವುದು ಅಂತ ಪ್ರಶ್ನೆ. ಸ್ಟೀವನ್ ವಿಲ್ಸನ್ ಅನ್ನುವ ಸಂಗೀತಗಾರ ಈ ಆಲ್ಬಮ್‌ಗಳನ್ನು ಮೂಲ ಟೇಪಿನಿಂದ ಮತ್ತೆ ಮಿಕ್ಸ್ ಮಾಡಿದ್ದು ನಿಜ, ಅದರಿಂದ ಸ್ವಲ್ಪ ದೂಳು ಹೋಗಿದೆ, ಅದೂ ನಿಜ. ಆದರೆ ಟೇಪಿನಲ್ಲಿ ಇಲ್ಲದ್ದನ್ನು ರೀಮಿಕ್ಸ್ ತರುವುದಿಲ್ಲ. ಹಳೇ ಎಲ್‌ಪಿ ಇರುವವರ ಮನೆಗೆ ಹೋಗಿ ಕೇಳಿ ನೋಡಿ, ಆ 'ಟಂಯ್' ಅಲ್ಲೂ ಇದೆ.

ಇನ್ನು ಎಣಿಕೆ. ಪ್ರೋಗ್ ಅಂದರೆ ಐದು, ಏಳು, ಹನ್ನೊಂದು ಅಂತ ಬಹಳ ಜನ ಬೀಗುತ್ತಾರೆ. ನನಗೆ ಅದು ಸ್ವಲ್ಪ ತಮಾಷೆ. ಮಿಶ್ರಛಾಪು, ಖಂಡಛಾಪು ಕೇಳುತ್ತಾ ಬೆಳೆದವರ ಮುಂದೆ ಏಳು, ಐದು ಅಂದರೆ ಯಾರಿಗೆ ಏನು ಆಶ್ಚರ್ಯ? ಇಲ್ಲಿ ಕೂತಿರುವ ಅರ್ಧ ಜನ ತೊಡೆ ಮೇಲೆ ತಟ್ಟಿ ತೋರಿಸುತ್ತೀರಿ. ಎಣಿಕೆ ಕಷ್ಟ ಇದೆ ಅನ್ನುವ ಒಂದೇ ಕಾರಣಕ್ಕೆ ಹೊಗಳಿಸಿಕೊಂಡ ಸಂಗೀತವೇ ಎಲ್ಲಕ್ಕಿಂತ ಬೇಗ ಹಳತಾಗುತ್ತದೆ. ಲೆಕ್ಕ ಬಿಡಿಸಿದ ಮೇಲೆ ಅಲ್ಲಿ ಕೇಳುವುದಕ್ಕೆ ಏನೂ ಉಳಿದಿರುವುದಿಲ್ಲ.

ಬ್ರೂಫರ್ಡ್‌ನಲ್ಲೂ ಅಂಥದ್ದು ಇದೆ. ಯೆಸ್ ಬ್ಯಾಂಡಿನ 'ಫ್ರ್ಯಾಜೈಲ್' ಆಲ್ಬಮ್‌ನಲ್ಲಿ ಐದು ಜನಕ್ಕೂ ಒಂದೊಂದು ಸ್ವಂತ ತುಣುಕು ಇತ್ತು. ಅವನದು 'ಫೈವ್ ಪರ್ ಸೆಂಟ್ ಫಾರ್ ನಥಿಂಗ್', ಬರೀ 35 ಸೆಕೆಂಡು. ಮೊದಲ ಸಲ ಸ್ವಂತ ಕೃತಿ ಮಾಡಿದ್ದು, ಪಾಪ. ಅದರಲ್ಲಿ ಎಲ್ಲಾ ವಾದ್ಯಗಳೂ ತಡವರಿಸಿಕೊಂಡು ಓಡುತ್ತವೆ, ಎಣಿಕೆ ಬಿಟ್ಟರೆ ಬೇರೇನೂ ಕಿವಿಗೆ ಬೀಳುವುದಿಲ್ಲ. ಒಳ್ಳೇ ಮರದ ಡ್ರಮ್ಸ್, ಅದೇ ಸ್ನೇರ್, ಆದರೂ ಅದಕ್ಕೆ ವಯಸ್ಸಾಗಿದೆ. ಇದನ್ನೂ ನನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತೇನೆ, ಎಲ್ಲಾ ಯಂತ್ರದ ತಪ್ಪು ಅಂತ ಹೇಳಿ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಅದೇ ಆಲ್ಬಮ್‌ನ 'ಲಾಂಗ್ ಡಿಸ್ಟೆನ್ಸ್ ರನ್‌ಅರೌಂಡ್' ಕೇಳಿ. ಜಾನ್ ಆಂಡರ್ಸನ್ ಹಾಡುವಾಗ ಬ್ಯಾಂಡು ನಾಲ್ಕರಲ್ಲಿ ಆರಾಮವಾಗಿ ನಡೆಯುತ್ತಿದೆ. ಡ್ರಮ್ಸ್ ಮಾತ್ರ ಐದೈದಕ್ಕೆ ಒಂದು ಪೆಟ್ಟು ಇಡುತ್ತಾ ಹೋಗುತ್ತದೆ. ಚತುರಶ್ರದ ಹಾಡಿನ ಮೇಲೆ ಖಂಡದ ಏಟು ಅಂದುಕೊಳ್ಳಿ. ಸೇರುತ್ತದೆ, ಜಾರುತ್ತದೆ, ಮತ್ತೆ ಸೇರುತ್ತದೆ. ವಿಶೇಷ ಏನು ಅಂದರೆ ಇದನ್ನು ಯಾರಾದರೂ ಹೇಳುವವರೆಗೂ ಗೊತ್ತೇ ಆಗುವುದಿಲ್ಲ. ಹಾಡು ಯಾಕೋ ಸ್ವಲ್ಪ ಓಲಾಡುತ್ತಿದೆ ಅಂತ ಅನ್ನಿಸುತ್ತದೆ, ಅಷ್ಟೇ. ಅವನು ನಿಮ್ಮನ್ನು ಕರೆದು ತೋರಿಸುವುದಿಲ್ಲ. 35 ಸೆಕೆಂಡಿನ ತುಣುಕಿನಲ್ಲಿ ಕರೆದು ತೋರಿಸಿದ.

ಸರಿ, ಕ್ರಿಮ್ಸನ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನ್ನ ಪ್ರಕಾರ ಬ್ರೂಫರ್ಡ್ ಬಾರಿಸಿದ್ದರಲ್ಲಿ ಅತಿ ಗಟ್ಟಿಯಾದದ್ದು 1973-74ರದ್ದು.

ಅವನು ಸೇರಿದಾಗ ಆ ಬ್ಯಾಂಡಿನಲ್ಲಿ ಜೇಮೀ ಮ್ಯೂರ್ ಅಂತ ಇನ್ನೊಬ್ಬ ತಾಳವಾದ್ಯದವನಿದ್ದ. ತಗಡು, ಸರಪಳಿ, ಆಟದ ಸಾಮಾನು, ಕೈಗೆ ಸಿಕ್ಕಿದ್ದನ್ನೆಲ್ಲಾ ಬಾರಿಸುತ್ತಿದ್ದ ಮನುಷ್ಯ. 'ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್' ಆಲ್ಬಮ್ ಮಾಡಿದ, 1973ರಲ್ಲಿ ಬ್ಯಾಂಡ್ ಬಿಟ್ಟು ಸ್ಕಾಟ್ಲೆಂಡಿನ ಒಂದು ಬೌದ್ಧ ಮಠಕ್ಕೆ ಹೋದ. 2025ರಲ್ಲಿ ತೀರಿಕೊಂಡ. ಬ್ರೂಫರ್ಡ್ ಆಗ 23ರ ಹುಡುಗ, ಯೆಸ್‌ನಲ್ಲಿ ಹೆಸರು ಮಾಡಿ ಬಂದವನು, ತಲೆ ಸ್ವಲ್ಪ ಮೇಲಿತ್ತು. ಸಂಗೀತ ಇರುವುದು ನಿನಗೋಸ್ಕರ ಅಲ್ಲ, ನೀನಿರುವುದು ಸಂಗೀತಕ್ಕೋಸ್ಕರ ಅಂತ ಮ್ಯೂರ್ ಅವನಿಗೆ ಕೂರಿಸಿಕೊಂಡು ಹೇಳಿದನಂತೆ. ಇದನ್ನು ಬ್ರೂಫರ್ಡ್ ಆಮೇಲೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಕೆಲವೇ ತಿಂಗಳು ಜೊತೆಗಿದ್ದವನ ಮಾತು, ಜೀವನಪೂರ್ತಿ ಉಳಿಯಿತು.

ಅದರ ಫಲ ಎಲ್ಲಿ ಕಾಣುತ್ತದೆ ಗೊತ್ತಾ? 1973ರ ನವೆಂಬರ್, ಆಮ್‌ಸ್ಟರ್ಡಾಮಿನ ಕಾನ್ಸರ್ಟ್‌ಗೆಬೌ ಸಭಾಂಗಣ. ಕ್ರಿಮ್ಸನ್ ವೇದಿಕೆ ಮೇಲೆ ಯಾವ ತಯಾರಿಯೂ ಇಲ್ಲದೆ ಒಂದು ಮೆಲ್ಲನೆಯ ಸ್ವರಗುಚ್ಛ ಶುರು ಮಾಡುತ್ತದೆ. ಡೇವಿಡ್ ಕ್ರಾಸ್ ವಯಲಿನ್, ಜಾನ್ ವೆಟನ್ ಬೇಸ್, ಬ್ಯಾಂಡಿನ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಈ ಸಲ ಮೆಲ್ಲೊಟ್ರಾನ್, ಅಂದರೆ ಟೇಪಿನಿಂದ ಸ್ವರ ಹೊರಡಿಸುವ ಕೀಬೋರ್ಡ್. ಬ್ರೂಫರ್ಡ್ ಕೋಲುಗಳನ್ನು ಎದೆಯ ಮೇಲೆ ಅಡ್ಡ ಹಿಡಿದು ಕೂತ. ಈಗ ಬಾರಿಸಬೇಕು, ಇನ್ನೇನು ಬಾರಿಸಬೇಕು ಅನ್ನುವ ಹೊತ್ತು ಬಂತು, ಹೋಯಿತು. ಕೊನೆಯವರೆಗೂ ಒಂದು ಪೆಟ್ಟೂ ಇಲ್ಲ. ಅದು 'ಟ್ರಿಯೋ' ಅನ್ನುವ ಹೆಸರಿನಲ್ಲಿ 'ಸ್ಟಾರ್‌ಲೆಸ್ ಆ್ಯಂಡ್ ಬೈಬಲ್ ಬ್ಲ್ಯಾಕ್' ಆಲ್ಬಮ್‌ನಲ್ಲಿದೆ. ಹೆಸರು ಟ್ರಿಯೋ, ಕೃತಿಕಾರರು ಮಾತ್ರ ನಾಲ್ಕು ಜನ. ಬಾರಿಸದೇ ಇದ್ದದ್ದೂ ಒಂದು ಕೊಡುಗೆ ಅಂತ ಬ್ರೂಫರ್ಡ್ ಹೆಸರನ್ನೂ ಸೇರಿಸಿದರು. ಐದು ಪೈಸೆ ರಾಯಲ್ಟಿಗೂ ಕಿತ್ತಾಡುವ ಲೋಕದಲ್ಲಿ ಇದು ಸಣ್ಣ ವಿಷಯ ಅಲ್ಲ.

1974ರ ಬೇಸಿಗೆಯಲ್ಲಿ 'ರೆಡ್' ಆಲ್ಬಮ್ ಮಾಡಿದರು. ಅದರಲ್ಲಿ 'ಒನ್ ಮೋರ್ ರೆಡ್ ನೈಟ್‌ಮೇರ್' ಅಂತ ಇದೆ. ಅದರ ಸಿಂಬಲ್, ಅಂದರೆ ಲೋಹದ ತಟ್ಟೆಯ ಸದ್ದು ಕೇಳಿದರೆ ಏನೋ ಒಡೆದ ಹಾಗಿರುತ್ತದೆ. ಒಡೆದದ್ದೇ. ರಿಹರ್ಸಲ್ ಜಾಗದಲ್ಲಿ ಕಸಕ್ಕೆ ಎಸೆದಿದ್ದ, ಅಂಚು ಮೇಲಕ್ಕೆ ಮಡಚಿಹೋಗಿದ್ದ ಒಂದು ಅಗ್ಗದ ಸಿಂಬಲ್ ಎತ್ತಿಕೊಂಡು ಬಂದಿದ್ದ. ಒಳ್ಳೆಯ ಸಿಂಬಲ್ ಹೊಡೆದರೆ 'ಝ್ಝ್ಯಾಂ' ಅಂತ ಹರಡಿಕೊಂಡು ನಿಲ್ಲುತ್ತದೆ. ಇದು 'ಛಟ್' ಅಂದು ತಕ್ಷಣ ಸತ್ತುಹೋಗುತ್ತದೆ. ಹಾಗಾಗಿ ಬೇಗ ಬೇಗ ಎಷ್ಟು ಸಲ ಹೊಡೆದರೂ ಒಂದರ ಮೇಲೊಂದು ಬಿದ್ದು ಗಲೀಜಾಗುವುದಿಲ್ಲ, ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳುತ್ತದೆ. ಹಾಡಿನ ಮಧ್ಯದಲ್ಲಿ ಅವನು ಆ ಸಿಂಬಲನ್ನು ಮಾತಾಡುವ ಹಾಗೆ ಬಳಸಿದ್ದಾನೆ. ಈಗಿನ ಡ್ರಮ್ಮರ್‌ಗಳು ಇದೇ ಸದ್ದಿಗೆ ಸಿಂಬಲ್ ಮೇಲೆ ಸಿಂಬಲ್ ಪೇರಿಸಿ, ಅವನ್ನು 'ಸ್ಟ್ಯಾಕ್' ಅಂತ ದುಡ್ಡು ಕೊಟ್ಟು ಕೊಳ್ಳುತ್ತಾರೆ. ನೀವು ಈ ವರ್ಷ ಬಂದ ಯಾವುದಾದರೂ ಹೆವಿ ರೆಕಾರ್ಡಿನ ಪಕ್ಕ ಇದನ್ನು ಹಾಕಿ, ಸದ್ದು ಒಂದಕ್ಕೊಂದು ಹೊಂದುತ್ತದೆ.

'ಸ್ಟಾರ್‌ಲೆಸ್' ಅನ್ನುವ, 'ರೆಡ್' ಆಲ್ಬಮ್ಮಿನದೇ ಇನ್ನೊಂದು ಹಾಡಿನ ಬಗ್ಗೆ ಎರಡೇ ಮಾತು. ಮಧ್ಯದಲ್ಲಿ ಹದಿಮೂರರ ಎಣಿಕೆಯ ಒಂದು ಬೇಸ್ ತುಣುಕು ಬರುತ್ತದೆಯಲ್ಲ, ಅದು ಬ್ರೂಫರ್ಡ್ ತಂದದ್ದು, ಡ್ರಮ್ಮರ್ ಬರೆದ ಬೇಸ್. ಅದರ ಮೇಲೆ ಫ್ರಿಪ್ ಒಂದೇ ಸ್ವರವನ್ನು ಹಿಡಿದು ಕೂರುತ್ತಾನೆ. ಬ್ರೂಫರ್ಡ್ ಮೊದಲು ಚಿಕ್ಕಪುಟ್ಟ ಟಕ್ ಟಕ್ ಬಿಟ್ಟು ಬೇರೇನೂ ಕೊಡುವುದಿಲ್ಲ. ಪೂರ್ತಿ ಡ್ರಮ್ಸ್ ಯಾವಾಗ ಬರುತ್ತದೋ ಅಂತ ನಾವು ಕಾದು ಕಾದು ಸುಸ್ತಾಗಬೇಕು. ಆಗ ಬರುತ್ತದೆ.

ಈಗ ನೀವೆಲ್ಲಾ ಕಾಯುತ್ತಿರುವ ಅಧ್ಯಾಯ, ಷಟ್ಕೋನದ ಪ್ಯಾಡುಗಳು.

1981ರಲ್ಲಿ ಇಂಗ್ಲೆಂಡಿನ ಸಿಮನ್ಸ್ ಕಂಪನಿ ಎಸ್‌ಡಿಎಸ್-5 ಅನ್ನುವ ಎಲೆಕ್ಟ್ರಾನಿಕ್ ಡ್ರಮ್ಸ್ ಮಾರುಕಟ್ಟೆಗೆ ತಂದಿತು. ಜೇನುಗೂಡಿನ ಕಣ್ಣಿನ ಆಕಾರದ ಪ್ಯಾಡು. ಹೊಡೆದರೆ 'ಡ್ಯೂಂ' ಅಂತ ಕೆಳಕ್ಕೆ ಜಾರುವ ಸದ್ದು, 80ರ ದಶಕದ ಸಿನಿಮಾ ಹಾಡುಗಳಲ್ಲಿ ಕೇಳಿ ಕೇಳಿ ನಿಮಗೆ ಬಾಯಿಪಾಠ ಆಗಿರುತ್ತದೆ. ಪ್ಯಾಡಿನ ಮೇಲ್ಮೈ ಗಟ್ಟಿ ಪಾಲಿಕಾರ್ಬೊನೇಟ್, ಗಲಭೆ ವೇಳೆ ಪೊಲೀಸರು ಹಿಡಿಯುವ ಗುರಾಣಿಗೆ ಹಾಕುವ ಸಾಮಗ್ರಿ. ದಿನಾ ಬಾರಿಸಿದವರ ಮಣಿಕಟ್ಟು ಹಾಳಾಯಿತು ಅನ್ನುವ ದೂರು ಆಗಲೇ ಇತ್ತು. ಬ್ರೂಫರ್ಡ್ ಇದನ್ನು ಮೊದಲಿಗೇ ಅಪ್ಪಿಕೊಂಡವರಲ್ಲಿ ಒಬ್ಬ.

ಯಾಕೆ ಅಪ್ಪಿಕೊಂಡ ಅನ್ನುವುದಕ್ಕೆ ಒಳ್ಳೇ ಕಾರಣವೂ ಇದೆ. 1981ರಲ್ಲಿ ಹೊಸ ಕ್ರಿಮ್ಸನ್ ಕಟ್ಟುವಾಗ ಫ್ರಿಪ್ ಅವನಿಗೆ ಸಿಂಬಲ್, ಹೈ-ಹ್ಯಾಟ್ (ಕಾಲಲ್ಲಿ ತುಳಿಯುವ ಜೋಡಿ ಸಿಂಬಲ್) ಕಡಿಮೆ ಮಾಡು ಅಂದ. ರಾಕ್ ಡ್ರಮ್ಮರ್‌ಗೆ ಬಲಗೈ ಕಟ್ಟಿಹಾಕಿದ ಹಾಗಾಯಿತು. ಅದಕ್ಕೂ ಮುಂಚೆ, ಗಾಯಕ ಪೀಟರ್ ಗೇಬ್ರಿಯಲ್ 1980ರಲ್ಲಿ ಬಂದ ತನ್ನ ಮೂರನೇ ಆಲ್ಬಮ್‌ನಲ್ಲಿ ಸಿಂಬಲ್ಲೇ ಬೇಡ ಅಂದಿದ್ದ. ಫ್ರಿಪ್, ಹೊಸ ಕ್ರಿಮ್ಸನ್ನಿನ ಬೇಸ್ ವಾದಕ ಟೋನಿ ಲೆವಿನ್ ಇಬ್ಬರೂ ಅದರಲ್ಲಿ ನುಡಿಸಿದ್ದರು. ಸಿಂಬಲ್ ಇಲ್ಲದಿದ್ದರೆ ಗಿಟಾರಿಗೆ ಎಷ್ಟು ಜಾಗ ಸಿಗುತ್ತದೆ ಅಂತ ಅವರು ಕಣ್ಣಾರೆ, ಅಲ್ಲ, ಕಿವಿಯಾರೆ ಕಂಡಿದ್ದರು.

ಅಂದಹಾಗೆ ಅದೇ ಗೇಬ್ರಿಯಲ್ ಆಲ್ಬಮ್‌ನಲ್ಲಿ ಡ್ರಮ್ಸ್ ಬಾರಿಸಿದವರಲ್ಲಿ ಒಬ್ಬ ಫಿಲ್ ಕಾಲಿನ್ಸ್. 1976ರ ಜೆನೆಸಿಸ್ ಟೂರಿನಲ್ಲಿ ಬ್ರೂಫರ್ಡ್ ಪಕ್ಕದಲ್ಲೇ ಕೂತು ಬಾರಿಸಿದವನು. ಗೇಬ್ರಿಯಲ್ ಸ್ಟುಡಿಯೋದಲ್ಲಿ ಸಿಕ್ಕ, ಮಾರ್ದನಿ ಗಕ್ಕನೆ ಕತ್ತರಿಸಿಹೋಗುವ ಡ್ರಮ್ ಸದ್ದನ್ನು ತಗೊಂಡು 1981ರಲ್ಲಿ 'ಇನ್ ದಿ ಏರ್ ಟುನೈಟ್' ಮಾಡಿದ. ಆ ಸದ್ದಿಗೆ 80ರ ದಶಕದ ಮುದ್ರೆ ಬಿದ್ದಿದೆ, ಆದರೂ ಹಾಡು ಹಳತಾಗಲಿಲ್ಲ. 2020ರಲ್ಲಿ ಇಬ್ಬರು ಹುಡುಗರು ಮೊದಲ ಸಲ ಅದನ್ನು ಕೇಳಿ ಬೆಚ್ಚಿಬೀಳುವ ವಿಡಿಯೋ ಲೋಕವೆಲ್ಲಾ ನೋಡಿತು. ಅಲ್ಲಿ ಕಾಲಿನ್ಸ್ ಹಾಡಿನ ಅರ್ಧಕ್ಕಿಂತ ಜಾಸ್ತಿ ಹೊತ್ತು ಯಂತ್ರದ ತಾಳವನ್ನು ಸುಮ್ನೆ ಟಿಕ್ ಟಿಕ್ ಅನ್ನಲು ಬಿಟ್ಟು, ಆಮೇಲೆ ನಿಜವಾದ ಡ್ರಮ್ಸ್ ಬಾರಿಸಿದ. ಯಂತ್ರ ಯಂತ್ರದ ಕೆಲಸ ಮಾಡಿತು, ಮನುಷ್ಯ ಮನುಷ್ಯನ ಕೆಲಸ ಮಾಡಿದ.

ಬ್ರೂಫರ್ಡ್ ಕಡೆಗೆ ವಾಪಸ್. 1981ರ 'ಡಿಸಿಪ್ಲಿನ್' ಆಲ್ಬಮ್‌ನ 'ದಿ ಶೆಲ್ಟರಿಂಗ್ ಸ್ಕೈ' ತಗೊಳ್ಳಿ. ಎಂಟು ನಿಮಿಷ ಮೀರಿದ ವಾದ್ಯಸಂಗೀತ. ಅವನು ಬಾರಿಸುತ್ತಿರುವುದು ಒಂದು ಮರದ ಡ್ರಮ್, ಮೇಲ್ಗಡೆ ಸೀಳುಗಳಿರುವ ಆಫ್ರಿಕಾ ಮೂಲದ ವಾದ್ಯ. ಬಹುತೇಕ ಒಂದೇ ನಡೆ, ಕೊನೆಯವರೆಗೂ. ಅದರ ಮುಂದಿನ ವರ್ಷ, 1982ರ 'ಬೀಟ್' ಆಲ್ಬಮ್‌ನ 'ವೇಟಿಂಗ್ ಮ್ಯಾನ್'. ಅದೇ ನಾಲ್ಕು ಜನ, ಇಲ್ಲೂ ಒಂದು ಸುತ್ತುವ ನಡೆ, ಆದರೆ ಶ್ರುತಿ ಮಾಡಿದ ಸಿಮನ್ಸ್ ಪ್ಯಾಡಿನ ಮೇಲೆ. ವೇದಿಕೆಯಲ್ಲಿ ಬ್ಯಾಂಡಿನ ಗಾಯಕ, ಗಿಟಾರ್ ವಾದಕ ಏಡ್ರಿಯನ್ ಬೆಲ್ಯೂ ಕೂಡ ಬಂದು ಪಕ್ಕದಲ್ಲಿ ನಿಂತು ಬಾರಿಸುತ್ತಿದ್ದ, ನೋಡುವುದಕ್ಕೆ ಭಾರಿ ಮಜಾ. ಬರೀ ಕೇಳಿದರೆ? ಮೊದಲನೆಯದು ಯಾವ ವರ್ಷದ್ದು ಅಂತ ಹೇಳಲಾಗುವುದಿಲ್ಲ. ಎರಡನೆಯದು ಮೊದಲ ಎರಡು ಸೆಕೆಂಡಿಗೇ ತನ್ನ ವರ್ಷ ಹೇಳಿಬಿಡುತ್ತದೆ.

ವರ್ಷ ಗೊತ್ತಾಗುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಈಗಿನ ಹುಡುಗರಿಗೆ 80ರ ದಶಕದ ಸಿಂಥ್ ಸದ್ದು ಅಂದರೆ ಪ್ರೀತಿ, ಬೇಕು ಅಂತಲೇ ಅದನ್ನು ಹುಡುಕಿ ತಮ್ಮ ಹಾಡಿಗೆ ಹಾಕುತ್ತಾರೆ. ನಾಳೆ ಸಿಮನ್ಸ್ ಮತ್ತೆ ಫ್ಯಾಷನ್ ಆಗಬಹುದು, ಆಗಿಯೂ ಇದೆ ಅನ್ನುವವರಿದ್ದಾರೆ. ನನ್ನ ತಕರಾರು ಬೇರೆ. ಬ್ರೂಫರ್ಡ್ ಕೈಯಲ್ಲಿ ಎರಡು ದೊಡ್ಡ ಪೆಟ್ಟುಗಳ ನಡುವೆ ಸಣ್ಣ ಸಣ್ಣ ಪೆಟ್ಟು ಜಾಸ್ತಿ. ಚರ್ಮದ ಮೇಲೆ ಕೋಲು ಸುಮ್ನೆ ತಾಗಿಸಿ ಬಿಡುವ, ಕೇಳೀ ಕೇಳದ ಹಾಗಿರುವ ಪೆಟ್ಟು. ಅವನ ಲಯದ ಜೀವ ಅಲ್ಲಿದೆ. ಆ ಕಾಲದ ಪ್ಯಾಡಿಗೆ ಮೆಲ್ಲನೆ ಹೊಡೆದದ್ದಕ್ಕೂ ಜೋರಾಗಿ ಹೊಡೆದದ್ದಕ್ಕೂ ನಡುವಿನ ಹತ್ತಾರು ಮೆಟ್ಟಿಲು ಗೊತ್ತಾಗುತ್ತಿರಲಿಲ್ಲ. ಅಂಚಿಗೆ ಹೊಡೆದರೂ ನಡುವಿಗೆ ಹೊಡೆದರೂ ಅದೇ ಸದ್ದು. ಅಂದರೆ ಹಾಳಾದದ್ದು ಬರೀ ಸದ್ದಿನ ಬಣ್ಣ ಅಲ್ಲ, ಅವನ ಕೈಯ ಅರ್ಧ ಮಾತೇ ಅಲ್ಲಿ ದಾಖಲಾಗಲಿಲ್ಲ. ಫ್ಯಾಷನ್ ತಿರುಗಿ ಬರಬಹುದು, ದಾಖಲಾಗದ ಏಟು ತಿರುಗಿ ಬರುವುದಿಲ್ಲ.

ಇದಕ್ಕೆ ಗಟ್ಟಿ ಸಾಕ್ಷಿ ಬೇಕು ಅಂದರೆ 'ಹಾರ್ಟ್ ಆಫ್ ದಿ ಸನ್‌ರೈಸ್'. 1971ರ ಸ್ಟುಡಿಯೋ ರೂಪ 'ಫ್ರ್ಯಾಜೈಲ್'ನಲ್ಲಿದೆ. ಶುರುವಿಗೆ ಎಲ್ಲರೂ ಓಡಿ ಬಂದು ಗಕ್ಕನೆ ನಿಲ್ಲುತ್ತಾರೆ. ಆಮೇಲೆ ಬೇಸ್ ಒಂದೇ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತದೆ, ಹಿಂದಿನಿಂದ ಮೆಲ್ಲೊಟ್ರಾನ್ ನಿಧಾನಕ್ಕೆ ಏರುತ್ತದೆ. ಬ್ರೂಫರ್ಡ್ ಅದರ ಸುತ್ತ ಎಲ್ಲೆಲ್ಲೋ ತಟ್ಟುತ್ತಾ, ಮುಟ್ಟುತ್ತಾ, ಬಿಡುತ್ತಾ ಹೋಗುತ್ತಾನೆ. ಮೊದಮೊದಲು ಏಟಿಗಿಂತ ಖಾಲಿ ಜಾಗವೇ ಜಾಸ್ತಿ. ಮೆಲ್ಲನೆಯ ಏಟು, ನಡುಮಟ್ಟದ ಏಟು, 'ಟಂಯ್', ಮತ್ತೆ ಮೆಲ್ಲನೆಯದು, ಹೀಗೆ ಕಟ್ಟುತ್ತಾ ಬಂದು ಎಲ್ಲರ ಜೊತೆ ಮತ್ತೆ ಓಟಕ್ಕೆ ಸೇರುತ್ತಾನೆ.

1989ರಲ್ಲಿ ಯೆಸ್‌ನ ಹಳಬರು ಆಂಡರ್ಸನ್ ಬ್ರೂಫರ್ಡ್ ವೇಕ್‌ಮನ್ ಹೌ ಅಂತ ಉದ್ದ ಹೆಸರಿಟ್ಟುಕೊಂಡು ಮತ್ತೆ ಸೇರಿದರು. ಯೆಸ್ ಅನ್ನುವ ಹೆಸರು ಬೇರೆಯವರ ಹತ್ತಿರ ಇತ್ತು, ಅದು ಬೇರೆ ರಾಮಾಯಣ. ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಕಛೇರಿಯ ರೆಕಾರ್ಡಿಂಗ್ ಸಿಗುತ್ತದೆ, ಇದೇ ಹಾಡು ಅದರಲ್ಲೂ ಇದೆ. ಬಾರಿಸುವವನು ಇವನೇ, 18 ವರ್ಷ ಜಾಸ್ತಿ ಪಳಗಿದ ಕೈ. ಆದರೆ ಟಾಮ್‌ಗಳ, ಅಂದರೆ ಸ್ನೇರ್ ಸುತ್ತ ಇರುವ ಆಳದ ಸದ್ದಿನ ಡ್ರಮ್ಮುಗಳ, ಜಾಗದಲ್ಲಿ ಪ್ಯಾಡು. ಅದೇ ಜಾಗಕ್ಕೆ ಬಂದಾಗ ಕೇಳಿ. ತಟ್ಟಿದ್ದು, ಮುಟ್ಟಿದ್ದು, ಎಲ್ಲಾ ಒಂದೇ ಎತ್ತರಕ್ಕೆ ಬಂದು ನಿಂತಿದೆ. ಪ್ರತಿ ಏಟೂ 'ನಾನು, ನಾನು' ಅನ್ನುತ್ತದೆ. ಕೈ ಏನು ಮಾಡುತ್ತಿದೆ ಅಂತ ವಿಡಿಯೋದಲ್ಲಿ ಕಾಣುತ್ತದೆ, ಕಿವಿಗೆ ಬರುವುದಿಲ್ಲ. 1971ರದ್ದಕ್ಕಿಂತ 1989ರದ್ದು ಹಳೆಯದಾಗಿ ಕೇಳುತ್ತದೆ. ಆ ಆಲ್ಬಮ್, ಆ ಟೂರು, ಬ್ರೂಫರ್ಡ್ ಮಾಡಿದ್ದರಲ್ಲಿ ಎಲ್ಲಕ್ಕಿಂತ ಜಾಸ್ತಿ ಮುಪ್ಪಾಗಿರುವುದು ಅಂತ ನನ್ನ ಅಭಿಪ್ರಾಯ. ಅಭಿಮಾನಿಗಳು ಕ್ಷಮಿಸಿ ಅನ್ನುವುದಿಲ್ಲ, ವಾದ ಮಾಡಿ.

ಹಾಗಂತ ಸಿಮನ್ಸ್ ಮುಟ್ಟಿದ್ದೆಲ್ಲಾ ಕೆಟ್ಟಿತು ಅಂದರೆ ಅದೂ ಅನ್ಯಾಯ. 1984ರ 'ತ್ರೀ ಆಫ್ ಎ ಪರ್ಫೆಕ್ಟ್ ಪೇರ್' ಆಲ್ಬಮ್‌ನಲ್ಲಿ 'ಇಂಡಸ್ಟ್ರಿ' ಅಂತ ಇದೆ. ಅಲ್ಲಿ ಪ್ಯಾಡು ಟಾಮ್ ಆಗುವುದಕ್ಕೆ ಹೋಗುವುದೇ ಇಲ್ಲ. ಕಾರ್ಖಾನೆಯೊಳಗೆ ಎಲ್ಲೋ ಏನೋ ಬಿದ್ದ ಹಾಗೆ, ಕಬ್ಬಿಣ ಎಳೆದ ಹಾಗೆ ಸದ್ದು. ಡ್ರಮ್ ಜೊತೆ ಹೋಲಿಸುವುದಕ್ಕೇ ಆಗದ ಕಾರಣ ಸೋತಂತೆ ಕೇಳುವುದಿಲ್ಲ. ಅದು ಇವತ್ತಿಗೂ ಸ್ವಲ್ಪ ಹೆದರಿಸುತ್ತದೆ.

ಅರ್ಥ್‌ವರ್ಕ್ಸ್ ಈ ಎರಡರ ನಡುವೆ ಸಿಕ್ಕಿಹಾಕಿಕೊಂಡಿದೆ. 1987ರ ಮೊದಲ ಆಲ್ಬಮ್‌ನಲ್ಲಿ ಜಾಂಗೋ ಬೇಟ್ಸ್, ಇಯನ್ ಬ್ಯಾಲಮಿ ಅನ್ನುವ ಇಬ್ಬರು ಯುವಕರು, ಅವರ ಜೊತೆ ಬ್ರೂಫರ್ಡ್ ಪ್ಯಾಡಿನಿಂದ ಸ್ವರ, ಸ್ವರಗುಚ್ಛ ಹೊರಡಿಸುತ್ತಾನೆ. ಡ್ರಮ್ಮರ್ ಕೈಯಲ್ಲಿ ಶ್ರುತಿ ಬಂತು ಅನ್ನುವ ಯೋಚನೆ ಇವತ್ತಿಗೂ ತಾಜಾ, ಯಂತ್ರದೊಳಗಿನ ಸ್ವರಗಳ ನಾದ ಮಾತ್ರ ಪ್ಲಾಸ್ಟಿಕ್ಕು. 'ಮೈ ಹಾರ್ಟ್ ಡಿಕ್ಲೇರ್ಸ್ ಎ ಹಾಲಿಡೇ' ಅನ್ನುವುದು ಅದರಲ್ಲಿದೆ. ಅದನ್ನೇ ಮತ್ತೆ, ಪ್ಯಾಡು ಬಿಟ್ಟು ಮರದ ಡ್ರಮ್ಸ್‌ಗೆ ವಾಪಸ್ ಬಂದಮೇಲೆ, 2004ರಲ್ಲಿ ಬಂದ ಲೈವ್ ಆಲ್ಬಮ್‌ನಲ್ಲಿ ಹೊಸ ತಂಡದ ಜೊತೆ ಬಾರಿಸಿದ್ದಾನೆ. ಪಕ್ಕಪಕ್ಕ ಇಟ್ಟು ಕೇಳಿದರೆ ರಚನೆ ಎಷ್ಟು ಗಟ್ಟಿ ಇತ್ತು ಅಂತ ಎರಡನೆಯದರಲ್ಲಿ ಗೊತ್ತಾಗುತ್ತದೆ. ಹಟ ಮಾಡಿ ಒಂದು ಮಾತು ಹೇಳುತ್ತೇನೆ, ಬ್ರೂಫರ್ಡ್ ಬಗ್ಗೆ ಮಾತಾಡುವವರು ಯೆಸ್, ಕ್ರಿಮ್ಸನ್‌ಗೆ ನಿಂತುಬಿಡುತ್ತಾರೆ, ಈ ಕಡೆಯ ಅರ್ಥ್‌ವರ್ಕ್ಸ್ ಕೇಳಿದವರು ಬೆರಳೆಣಿಕೆ.

ಕೊನೆಗೆ ಪ್ರಶ್ನೆಗಳ ಹೊತ್ತಿನಲ್ಲಿ ಹಿರಿಯರೊಬ್ಬರು ಚೆನ್ನಾಗಿ ಹಿಡಿದರು. "ನೀವು ಹೇಳೋದು ನಿಜ ಆದ್ರೆ, 80ರ ಕ್ರಿಮ್ಸನ್ ಹಾಡನ್ನ ಇನ್ನೊಬ್ಬ ಬೇರೆ ಡ್ರಮ್ಸ್ ಮೇಲೆ ಬಾರಿಸಿದ್ರೆ ಅದು ಹೊಸದಾಗಬೇಕಲ್ಲಾ ಸ್ವಾಮಿ?" ಅಂದರು.

ಆಗಿದೆ ಅಂದೆ. 2024ರಲ್ಲಿ ಬೆಲ್ಯೂ, ಲೆವಿನ್ ಇಬ್ಬರೂ ಗಿಟಾರಿನ ಸ್ಟೀವ್ ವಾಯ್, ಟೂಲ್ ಬ್ಯಾಂಡಿನ ಡ್ರಮ್ಮರ್ ಡ್ಯಾನಿ ಕ್ಯಾರಿ ಜೊತೆ 'ಬೀಟ್' ಅನ್ನುವ ಹೆಸರಿನಲ್ಲಿ ಆ ಮೂರು ಆಲ್ಬಮ್‌ಗಳ ಹಾಡು ಹಿಡಿದು ಟೂರ್ ಮಾಡಿದರು. ಕ್ಯಾರಿ ಭಾರಿ ಗಟ್ಟಿ ಆಸಾಮಿ, ದೊಡ್ಡ ಸದ್ದು. ಬ್ರೂಫರ್ಡ್ ಕಟ್ಟಿದ ನಡೆಗಳು ಇನ್ನೊಬ್ಬನ ತೋಳಿನ ಭಾರವನ್ನು ತಡೆದುಕೊಂಡವು, ಬಂದವರಲ್ಲಿ ಆ ಆಲ್ಬಮ್‌ಗಳು ಬಂದಾಗ ಹುಟ್ಟೇ ಇರದವರೂ ಇದ್ದರು.

ಅವರಿಗೆ ಸಮಾಧಾನ ಆಗಲಿಲ್ಲ. "ಹಾಗಾದ್ರೆ ಬ್ರೂಫರ್ಡ್ ರೆಕಾರ್ಡು ಬಿಟ್ಟು ಕ್ಯಾರೀದು ಕೇಳಿ ಅಂತೀರಾ?"

ಇಲ್ಲ ಅಂದೆ. ಕ್ಯಾರಿ ಎಲ್ಲವನ್ನೂ ತುಂಬಿಸಿ ಬಾರಿಸುತ್ತಾನೆ. 'ದಿ ಶೆಲ್ಟರಿಂಗ್ ಸ್ಕೈ'ಗೆ ನನಗೆ ಈಗಲೂ ಆ ಮರದ ಡ್ರಮ್ಮೇ ಬೇಕು. ಅವರು ತಲೆ ಅಲ್ಲಾಡಿಸಿ, 'ವೇಟಿಂಗ್ ಮ್ಯಾನ್' ಸಿಮನ್ಸ್‌ನಲ್ಲೇ ಚೆನ್ನ, ನಾವು ಆಗ ಕ್ಯಾಸೆಟ್ಟಿನಲ್ಲಿ ಕೇಳಿದವರು, ನಿಮಗೆ ಗೊತ್ತಾಗಲ್ಲ ಬಿಡಿ ಅಂದರು. ಎರಡನ್ನೂ ಸ್ಪೀಕರಿಗೆ ಹಾಕಿದೆವು. ಕೈ ಎತ್ತಿಸಿದಾಗ ಸಭೆ ಎರಡು ಪಾಲಾಯಿತು, ಅವರ ಕಡೆಗೆ ಸ್ವಲ್ಪ ಜಾಸ್ತಿ ಕೈಗಳಿದ್ದವು.